ಸಾವಿರ ಲೀಟರಿನ ಹೊಳೆ

ಮಿಲ್ಡುರಾದ ಹಿತ್ತಲಲ್ಲಿ, ನಿಂಬೆಗಿಡದ ಪಕ್ಕ
ಒಂದು ಹೊಳೆಯನ್ನು ಸಾಕಿದ್ದೇನೆ.
ಕಬ್ಬಿಣದ ಪಂಜರದೊಳಗೆ ಬಿಳಿ ಪ್ಲಾಸ್ಟಿಕ್ ತೊಟ್ಟಿ.
ಮೊದಲು ಅದರಲ್ಲಿ ದ್ರಾಕ್ಷಿರಸ ಇತ್ತಂತೆ,
ತೊಳೆದು ತೊಳೆದು ಮೂರು ಭಾನುವಾರ ಹೋದವು,
ಇವತ್ತಿಗೂ ಬಿಸಿಲೇರಿದರೆ ಮೂಲೆಯಲ್ಲೆಲ್ಲೋ ಸಿಹಿ ವಾಸನೆ.
ಊರಂಚಿಗೆ ಮರ್ರೇ ನದಿ ಇದೆ, ನಿಜ.
ಅದು ದ್ರಾಕ್ಷಿ ತೋಟಗಳದು. ನನ್ನದು ಇದು.

ತೊಟ್ಟಿ ಕೊಟ್ಟವನು ಆಚೆಮನೆಯ ರೊಕ್ಕೊ.
'ನಮ್ಮ ಕಡೆ ನಿನ್ನ ಹೆಸರಿಗೆ ದುಡ್ಡು ಅಂತ ಅರ್ಥ' ಅಂದೆ.
ಬಿದ್ದು ಬಿದ್ದು ನಕ್ಕ: 'ಅದೊಂದು ಬಿಟ್ಟು
ಬೇರೆ ಏನು ಬೇಕಾದರೂ ಕೇಳು, ಕಾಶಿ.'
ಕಾಶವ್ವ ಎನ್ನಹೊರಟರೆ ಅವನ ನಾಲಿಗೆ
ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ.

ಕೃಷ್ಣೆಯಲ್ಲಿ ಬಲೆ ಬೀಸಿದ ಅಪ್ಪ
ಮೀನನ್ನು ಬುಟ್ಟಿಯಲ್ಲಿ ಎಣಿಸುತ್ತಿದ್ದ.
ನಾನು ಒಂದೊಂದಾಗಿ: ಮೂವತ್ತು ಸಿಲ್ವರ್ ಪರ್ಚ್,
ಎರಡು ಬೇಸಿಗೆಯ ಹಿಂದೆ ಬೆರಳುದ್ದ ಬಂದವು.
ಹೊಳೆ ತನ್ನ ಹೊಲಸನ್ನು ತಾನೇ ತೊಳೆದುಕೊಳ್ಳುತ್ತದೆ
ಎಂದು ನಂಬಿದ ಮನೆ ನಮ್ಮದು.
ಇಲ್ಲಿ ಹೊಳೆಯ ಕೆಲಸವೆಲ್ಲ ನನ್ನ ತಲೆಗೆ.
ಪಂಪು ನೀರನ್ನು ಜಲ್ಲಿಯ ಮಡಿಗೆ ಎತ್ತುತ್ತದೆ,
ಜಲ್ಲಿಯ ಸಂದಿಯಲ್ಲಿ ಕಣ್ಣಿಗೆ ಕಾಣದ ಕೂಲಿಗಳು
ಮೀನಿನ ಉಚ್ಚೆಯನ್ನು ಗೊಬ್ಬರ ಮಾಡುತ್ತಾರೆ,
ಪುಂಡಿಪಲ್ಲೆ ಕುಡಿದು ಬಿಟ್ಟದ್ದು ತಿಳಿಯಾಗಿ
ಮತ್ತೆ ತೊಟ್ಟಿಗೆ.
ಗಾಜಿನ ನಳಿಕೆಯಲ್ಲಿ ನಾಲ್ಕು ಹನಿ ಹಾಕಿ
ಬಣ್ಣ ನೋಡುತ್ತೇನೆ ಸಂಜೆ: ಹಳದಿ ಇದ್ದರೆ ನಿದ್ದೆ,
ಹಸಿರಾದರೆ ಇಲ್ಲ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ
ಅನ್ನುತ್ತಿದ್ದಳು ಅವ್ವ, ದಂಡವಾದ ಎಲ್ಲ ಕೆಲಸಕ್ಕೂ.
ಅವ್ವಾ, ಸಾವಿರ ಲೀಟರಿನ ಹೊಳೆಯಲ್ಲಿ
ಹೆಚ್ಚಾದ ಒಂದು ಹಿಡಿ ಕಾಳೂ ಲೆಕ್ಕ ಕೇಳುತ್ತದೆ.
ಯಾವುದೂ ಕೊಚ್ಚಿಹೋಗುವುದಿಲ್ಲ ಇಲ್ಲಿ.

ಜನವರಿಯ ಒಂದು ರಾತ್ರಿ,
ನಲವತ್ತೈದು ಡಿಗ್ರಿಯ ಹಗಲು ಮುಗಿದ ಮೇಲೂ
ಬೀದಿ ಕಾದ ಹಂಚು. ಹತ್ತೂವರೆಗೆ ಕರೆಂಟು ಹೋಯಿತು.
ಮೊದಲು ಸತ್ತದ್ದು ಪಂಪಿನ ಸದ್ದು.
ಟಾರ್ಚು ಹಿಡಿದರೆ ನೀರಿನ ಮೇಲೆ ಮೂವತ್ತು ಬಾಯಿ,
ತೆರೆದು ಮುಚ್ಚಿ, ತೆರೆದು ಮುಚ್ಚಿ,
ಸೊನ್ನೆ ತಿದ್ದುತ್ತಿದ್ದವು.
ಮೀನಿಗೆ ಈಜು ಕಲಿಸಬೇಕೇ ಅನ್ನುತ್ತಾರಲ್ಲ,
ಆ ರಾತ್ರಿ ನಾನು ಉಸಿರಾಟ ಕಲಿಸಬೇಕಾಯಿತು.
ಬಕೆಟ್ಟು ಅದ್ದಿದೆ, ತಲೆಯೆತ್ತರ ಎತ್ತಿದೆ, ಸುರಿದೆ.
ಅದ್ದಿದೆ, ಎತ್ತಿದೆ, ಸುರಿದೆ.
ಹನ್ನೆರಡಕ್ಕೆ ಬೇಲಿಯ ಸಡಿಲ ಹಲಗೆ ಸರಿಸಿ
ರೊಕ್ಕೊ ಬಂದ, ಚಡ್ಡಿಯಲ್ಲೇ, ಎಪ್ಪತ್ತೊಂದರ ಮಂಡಿ,
ಕೈಯಲ್ಲಿ ಟೊಮೆಟೊ ಸಾಸು ಕುದಿಸುವ ಪಾತ್ರೆ.
ಒಬ್ಬರು ಕೂತಾಗ ಒಬ್ಬರು ಸುರಿದೆವು. ಮಾತು ಕಡಿಮೆ.
ಹೆಂಡತಿ ಕೊನೆಯ ವಾರ ಹೀಗೇ ಬಾಯಿ ತೆರೆಯುತ್ತಿದ್ದಳು
ಎಂದು ಮೂರರ ಹೊತ್ತಿಗೆ ಹೇಳಿದ.
ನಾನು ಸುರಿಯುತ್ತಲೇ ಇದ್ದೆ.

ನಾಲ್ಕೂ ಇಪ್ಪತ್ತಕ್ಕೆ ಪಂಪು ಕೆಮ್ಮಿ ಎದ್ದಿತು.
ಬೆಳಕಿನಲ್ಲಿ ಎಣಿಸಿದೆ: ಇಪ್ಪತ್ತಮೂರು.
ಏಳು, ನಿಂಬೆಗಿಡದ ಬುಡಕ್ಕೆ.
ಈಗ ಪಂಪಿನ ಪಕ್ಕ ರೊಕ್ಕೊನ ಹಳೇ ಕಾರಿನ ಬ್ಯಾಟರಿ ಕೂತಿದೆ,
ಕಾವಲು ನಾಯಿಯಂತೆ.

ಮಾರ್ಚಿನಲ್ಲಿ ಎರಡನ್ನು ಹಿಡಿದು ಬೇರೆ ನೀರಿಗೆ ಬಿಟ್ಟೆ,
ಮಣ್ಣುವಾಸನೆ ಹೋಗಲೆಂದು ಐದು ದಿನ.
ಉಪವಾಸ ಅವಕ್ಕೆ, ಪಾರಣೆ ನಮಗೆ.
ಆಮೇಲೆ ಐಸು ನೀರು, ಆಮೇಲೆ ಚೂರಿ.
ಕೈ ನಡುಗಲಿಲ್ಲ, ಅಂಬಿಗರ ಕೈ.
ಆದರೆ ಹೊಟ್ಟೆ ಸೀಳುವಾಗ ತೋಳು ನೆನೆದುಕೊಂಡಿತು
ಆ ರಾತ್ರಿಯ ಬಕೆಟ್ಟುಗಳ ಭಾರ.
ಉಳಿಸಿದ್ದು ಇದಕ್ಕೇನಾ?
ಇದಕ್ಕೇ. ಬೇರೆ ಏನಂದರೂ ಸುಳ್ಳು.

ಹುಣಸೆಹಣ್ಣು ಕಿವುಚಿದೆ, ಈ ಸಲ ಗಡಿಗೆಯಲ್ಲಿ.
ರೊಕ್ಕೊ ಮುಳ್ಳು ಬಿಡಿಸಿ ತಟ್ಟೆಯಂಚಿಗೆ ಸಾಲಾಗಿ ಇಟ್ಟ,
ಖಾರಕ್ಕೆ ಮೂಗು ಒರೆಸಿಕೊಂಡ, ಇನ್ನೊಂದು ಸೌಟು ಕೇಳಿದ.
ಹೊರಗೆ ಜಲ್ಲಿಯಲ್ಲಿ ನೀರು ಇಳಿಯುವ ಸದ್ದು.
ಎಂಜಲ ಕೈಯಲ್ಲೇ ಎದ್ದು ಹೋಗಿ ನೋಡಿದೆ:
ಇಪ್ಪತ್ತೊಂದು.